ಒಂದು ತಂತಿ, ನಲವತ್ತು ಗಣಕಯಂತ್ರ: ತೂಬಿನ ಕೀಲಿ ಯಾರ ಕೈಯಲ್ಲಿ?

ವಿದ್ಯಾಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಕಟ್ಟಡ ನಿಧಿಗೆ ಸಂದ ದತ್ತಿ, ಗ್ರಂಥಾಲಯಕ್ಕೆ ಸೇರಿದ ಪುಸ್ತಕ, ಪ್ರಯೋಗಾಲಯಕ್ಕೆ ದೊರೆತ ಉಪಕರಣ ಇವುಗಳ ಪಟ್ಟಿ ಅಚ್ಚಾಗುವುದು ಬಹುಕಾಲದ ವಾಡಿಕೆ. ಕಳೆದ ಎರಡು ಮೂರು ದಶಕಗಳಿಂದ ಆ ಪಟ್ಟಿಗೆ ಗಣಕಯಂತ್ರಗಳೂ ಸೇರಿಕೊಂಡಿವೆ. ಇಂಥ ಮಹನೀಯರಿಂದ ಇಷ್ಟು ಯಂತ್ರ, ಇಂಥ ವರ್ಷದ ಹಳೆಯ ವಿದ್ಯಾರ್ಥಿಗಳಿಂದ ಇಷ್ಟು ಮೇಜು ಕುರ್ಚಿ ಎಂದು ಕೃತಜ್ಞತೆಯಿಂದ ನಮೂದಿಸಲಾಗುತ್ತದೆ. ಆದರೆ ಆ ಯಂತ್ರಗಳೆಲ್ಲಕ್ಕೂ ಹೊರಜಗತ್ತಿನ ದಾರಿಯನ್ನು ತೆರೆಯುವ ಒಂದು ಪೆಟ್ಟಿಗೆ ಕೋಣೆಯ ಮೂಲೆಯಲ್ಲಿ ದೂಳು ಹಿಡಿದು ಕುಳಿತಿರುತ್ತದೆ. ಅದರ ಹೆಸರು ಯಾವ ಪಟ್ಟಿಯಲ್ಲಿಯೂ ಕಾಣುವುದಿಲ್ಲ. ಪ್ರಾಕ್ಸಿ ಸರ್ವರ್ ಎಂದು ಅದನ್ನು ಕರೆಯುತ್ತಾರೆ. ಅದನ್ನು ಅಣಿಗೊಳಿಸಿದವರು ಯಾರು, ಅದರಲ್ಲಿ ಬರೆದಿರುವ ನಿಯಮಗಳಾವುವು, ಅದರ ಗುಪ್ತಪದ ಯಾರ ಬಳಿ ಇದೆ ಎಂದು ವಿಚಾರಿಸಿದರೆ ಎಷ್ಟೋ ಶಾಲೆಗಳಲ್ಲಿ ದೊರೆಯುವ ಉತ್ತರ ಒಂದೇ: 'ಅಂಗಡಿಯವರು ಬಂದು ಮಾಡಿ ಹೋದರು.' ಶಾಲೆಯ ವೇಳಾಪಟ್ಟಿಯನ್ನು ಅಂಗಡಿಯವರಿಂದ ಬರೆಯಿಸದ ಸಂಸ್ಥೆಗಳು ಈ ನಿಯಮಗಳನ್ನು ಮಾತ್ರ ಅವರ ಇಷ್ಟಕ್ಕೆ ಬಿಟ್ಟಿರುವುದು ವಿಚಿತ್ರವೇ ಸರಿ.

ಈ ಪೆಟ್ಟಿಗೆ ಶಾಲೆಗಳಿಗೆ ಏಕೆ ಬಂದಿತೆಂಬುದನ್ನು ಮೊದಲು ನೆನೆಯಬೇಕು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅಂದಿನ ವ್ಯವಸ್ಥೆಯಲ್ಲಿ ಜಾಲ ನಡೆಯುತ್ತಿರುವಷ್ಟು ಹೊತ್ತು ದೂರವಾಣಿಯಲ್ಲಿ ಮಾತು ಸಾಧ್ಯವಿರಲಿಲ್ಲ. 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನು ಕನಿಷ್ಠ ಮಟ್ಟವೆಂದು ಗೊತ್ತುಪಡಿಸಿತು. 2005ರ ಜನವರಿಯಲ್ಲಿ ಭಾರತ ಸಂಚಾರ ನಿಗಮವು 'ಡೇಟಾಒನ್' ಎಂಬ ಹೆಸರಿನಲ್ಲಿ ಡಿಎಸ್‌ಎಲ್ ಸೇವೆಯನ್ನು ಆರಂಭಿಸಿದ ಮೇಲೆ, ಮುಖ್ಯೋಪಾಧ್ಯಾಯರ ಕೊಠಡಿಯವರೆಗೆ ಅದಾಗಲೇ ಎಳೆದಿದ್ದ ತಾಮ್ರದ ತಂತಿಯೇ ಅಂತರಜಾಲದ ತಂತಿಯೂ ಆಯಿತು.

ಡಿಎಸ್‌ಎಲ್‌ನ ಜಾಣ್ಮೆ ಇರುವುದು ಇಲ್ಲಿಯೇ. ಮಾತಿನ ಧ್ವನಿಯನ್ನು ಸಾಗಿಸಲು ತಂತಿಯಲ್ಲಿ ಸುಮಾರು 4 ಕಿಲೋಹರ್ಟ್ಸ್‌ವರೆಗಿನ ಕಂಪನಗಳು ಸಾಕು. ಅದಕ್ಕಿಂತ ಮೇಲೆ ಹನ್ನೊಂದು ನೂರು ಕಿಲೋಹರ್ಟ್ಸ್‌ವರೆಗಿನ ಅವಕಾಶ ಬರಿದೇ ಬಿದ್ದಿತ್ತು. ಮಾಹಿತಿಯನ್ನು ಆ ಮೇಲಿನ ದಾರಿಯಲ್ಲಿ ಹರಿಸಲಾಯಿತು. ಮನೆಯವರು ತರಿಸಿಕೊಳ್ಳುವುದು ಹೆಚ್ಚು, ಕಳುಹಿಸುವುದು ಕಡಿಮೆ ಎಂಬುದನ್ನು ಗಮನಿಸಿ, ಇಳಿದು ಬರುವ ದಾರಿಯನ್ನು ಅಗಲವಾಗಿಯೂ ಏರಿ ಹೋಗುವ ದಾರಿಯನ್ನು ಕಿರಿದಾಗಿಯೂ ಇರಿಸುವ ವಿಚಾರವನ್ನು ಅಮೆರಿಕದ ಬೆಲ್‌ಕೋರ್ ಸಂಸ್ಥೆಯ ಜೋಸೆಫ್ ಲೆಕ್ಲೈಡರ್ ಮುಂದಿಟ್ಟರು. ದೂರವಾಣಿ ವಿನಿಮಯ ಕೇಂದ್ರದಿಂದ ದೂರ ಹೆಚ್ಚಿದಷ್ಟೂ ವೇಗ ಕುಗ್ಗುವುದು ಈ ವ್ಯವಸ್ಥೆಯ ಸ್ವಭಾವ. ಪೇಟೆಯ ನಡುವಿನ ಶಾಲೆಗೂ ಊರಾಚೆಯ ಶಾಲೆಗೂ ಒಂದೇ ಬಾಡಿಗೆ ಕಟ್ಟಿದರೂ ಒಂದೇ ಫಲ ದೊರೆಯದಿದ್ದುದಕ್ಕೆ ಇದೂ ಒಂದು ಕಾರಣ.

ಈಗ ಲೆಕ್ಕಕ್ಕೆ ಬರೋಣ. ಸೆಕೆಂಡಿಗೆ 256 ಕಿಲೋಬಿಟ್ ಎಂದರೆ 32 ಕಿಲೋಬೈಟ್. ವಿಜ್ಞಾನದ ಅಧ್ಯಾಪಕರು ಹೃದಯದ ರಚನೆಯನ್ನು ತೋರಿಸುವ 320 ಕಿಲೋಬೈಟ್‌ಗಳ ಒಂದು ಪುಟವನ್ನು ತೆರೆಯಿರೆಂದು ಹೇಳುತ್ತಾರೆ ಎನ್ನೋಣ. ಒಂದೇ ಯಂತ್ರವಾದರೆ ಅದು 10 ಸೆಕೆಂಡುಗಳಲ್ಲಿ ತೆರೆದುಕೊಳ್ಳುತ್ತದೆ. ನಲವತ್ತು ಯಂತ್ರಗಳು ಒಮ್ಮೆಗೇ ಕೇಳಿದರೆ ಅದೇ ಪುಟ ಅದೇ ತಂತಿಯಲ್ಲಿ ನಲವತ್ತು ಸಲ ಬರಬೇಕು. 400 ಸೆಕೆಂಡು, ಅಂದರೆ ಆರು ನಿಮಿಷ ನಲವತ್ತು ಸೆಕೆಂಡು ಬೇಕು. ನಲವತ್ತು ನಿಮಿಷದ ಪಾಠದಲ್ಲಿ ಆರನೆಯ ಒಂದು ಭಾಗ ಬಿಳಿಯ ತೆರೆಯನ್ನು ದಿಟ್ಟಿಸುವುದರಲ್ಲಿಯೇ ಕಳೆದುಹೋಗುತ್ತದೆ. ನಡುವೆ ಒಂದು ಯಂತ್ರ ನಿಂತು ಪುಟವನ್ನು ಒಮ್ಮೆ ಮಾತ್ರ ತರಿಸಿ, ತನ್ನಲ್ಲಿ ಪ್ರತಿ ಇಟ್ಟುಕೊಂಡು, ಉಳಿದ ಮೂವತ್ತೊಂಬತ್ತು ಮಂದಿಗೆ ಕೋಣೆಯೊಳಗಿನ ವೇಗದ ತಂತಿಯಿಂದಲೇ ಹಂಚಿಬಿಟ್ಟರೆ ಆ ಆರು ನಿಮಿಷ ಉಳಿಯುತ್ತದೆ. ಪ್ರಾಕ್ಸಿ ಸರ್ವರ್ ಮಾಡುತ್ತಿದ್ದ ಕೆಲಸವಿದು. 1994ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ನಡೆದ ಮೊದಲ ವಿಶ್ವವ್ಯಾಪಿ ಜಾಲ ಸಮ್ಮೇಳನದಲ್ಲಿಯೇ ಆರಿ ಲುವೊಟೊನೆನ್ ಮತ್ತು ಕೆವಿನ್ ಆಲ್ಟಿಸ್ ಇದರ ಸ್ವರೂಪವನ್ನು ವಿವರಿಸಿದ್ದರು. 1996ರಲ್ಲಿ ಡ್ಯುಯೇನ್ ವೆಸೆಲ್ಸ್ ಅವರ ಮುಂದಾಳುತನದಲ್ಲಿ ಹೊರಬಂದ 'ಸ್ಕ್ವಿಡ್' ಎಂಬ ತಂತ್ರಾಂಶ ಎಲ್ಲರಿಗೂ ಉಚಿತವಾಗಿ, ಮೂಲಪಾಠ ಸಹಿತವಾಗಿ ದೊರೆಯಿತು, ಇಂದಿಗೂ ದೊರೆಯುತ್ತಿದೆ. ಕೈಬಿಟ್ಟ ಹಳೆಯ ಗಣಕಯಂತ್ರವೊಂದಿದ್ದರೆ ಹಣ ಖರ್ಚಿಲ್ಲದೆ ಈ ಸೌಕರ್ಯ ಕೈಗೆಟುಕುತ್ತಿತ್ತು.

ಕನ್ನಡ ನಾಡಿನ ಕೆರೆಯ ಕೆಳಗಿನ ಬೇಸಾಯವನ್ನು ಬಲ್ಲವರಿಗೆ ಈ ವ್ಯವಸ್ಥೆ ಹೊಸದಾಗಿ ತೋರಬೇಕಾಗಿಲ್ಲ. ಕೆರೆ ಊರಿನದು, ಗದ್ದೆ ರೈತರದು. ತೂಬನ್ನೆತ್ತಿ ಸರತಿಯಂತೆ ನೀರು ಬಿಡುವವನು ನೀರುಗಂಟಿ. ತಲೆಯ ಗದ್ದೆಯವನು ಮಡೆ ಒಡೆದು ಹೆಚ್ಚು ನೀರು ಹಾಯಿಸಿಕೊಳ್ಳದಂತೆ, ಕೊನೆಯ ಗದ್ದೆಯವನ ಪೈರು ಒಣಗದಂತೆ ನೋಡಿಕೊಳ್ಳುವುದು ಅವನ ಹೊಣೆ. ಸುಗ್ಗಿಯಲ್ಲಿ ರೈತರೇ ಅವನಿಗೆ ಧಾನ್ಯ ಅಳೆಯುತ್ತಿದ್ದರು. ಅವನು ಕೆರೆಯ ಒಡೆಯನಾಗಿರಲಿಲ್ಲ. ರೈತರ ಮನೆಯೊಳಗೆ ಇಣುಕಿ ನೋಡುವ ಅಧಿಕಾರವೂ ಅವನಿಗಿರಲಿಲ್ಲ. ಪ್ರಾಕ್ಸಿಗೂ ಇಷ್ಟೇ ಅಧಿಕಾರ, ಇಷ್ಟೇ ಹೊಣೆ ಇರತಕ್ಕದ್ದು. ಅದು ಎಷ್ಟರಮಟ್ಟಿಗೆ ಹಾಗಿರುತ್ತದೆ ಎಂಬುದು ಅದನ್ನು ಅಣಿಗೊಳಿಸುವ ಬಗೆಯನ್ನು ಅವಲಂಬಿಸಿದೆ.

ಆ ಬಗೆ ಹೇಗೆಂಬುದನ್ನು ಅಧ್ಯಾಪಕರು ತಿಳಿಯದಷ್ಟು ಕಷ್ಟವೇನೂ ಇಲ್ಲ. ಪ್ರಾಕ್ಸಿಯಾಗಿ ನಿಲ್ಲುವ ಯಂತ್ರಕ್ಕೆ ಎರಡು ಜಾಲಪಟ್ಟಿಕೆಗಳಿರಬೇಕು. ಒಂದು ಡಿಎಸ್‌ಎಲ್ ಮೋಡೆಮ್‌ಗೆ, ಇನ್ನೊಂದು ಪ್ರಯೋಗಾಲಯದ ಯಂತ್ರಗಳೆಲ್ಲ ಸೇರುವ ಸ್ವಿಚ್ಚಿಗೆ. ಎರಡು ಕಡೆಗೂ ಬೇರೆ ಬೇರೆ ವಿಳಾಸಮಾಲೆ ಕೊಡಬೇಕು. ಬಹಳಷ್ಟು ಮೋಡೆಮ್‌ಗಳು ಕಾರ್ಖಾನೆಯಿಂದ ಬರುವಾಗಲೇ 192.168.1.1 ಎಂಬ ವಿಳಾಸ ಹೊತ್ತು ಬರುತ್ತವೆ. ಪ್ರಯೋಗಾಲಯಕ್ಕೂ ಅದೇ ಮಾಲೆಯನ್ನು ಕೊಟ್ಟರೆ ಯಾವ ಮಾತನ್ನು ಯಾವ ಬಾಗಿಲಿಗೆ ಕಳುಹಿಸಬೇಕೆಂದು ತಿಳಿಯದೆ ಯಂತ್ರ ತಬ್ಬಿಬ್ಬಾಗುತ್ತದೆ. ಹೊಸಬರು ದಿನಗಟ್ಟಲೆ ಪರದಾಡುವುದು ಇಂಥ ಸಣ್ಣ ಸಂಗತಿಗಾಗಿ. ಪ್ರಯೋಗಾಲಯಕ್ಕೆ 192.168.10ರ ಮಾಲೆಯನ್ನು ಕೊಟ್ಟರೆ ತೊಡಕು ತೀರುತ್ತದೆ. ಇನ್ನೊಂದು ಮುಖ್ಯ ವಿಷಯ, ಸ್ವಿಚ್ಚಿನ ತಂತಿಯನ್ನು ನೇರವಾಗಿ ಮೋಡೆಮ್‌ಗೆ ಸಿಕ್ಕಿಸಿ ಬಿಡಬಾರದು. ಹಾಗೆ ಮಾಡಿದಲ್ಲಿ ನಿಯಮಗಳನ್ನು ಎಷ್ಟು ಅಚ್ಚುಕಟ್ಟಾಗಿ ಬರೆದರೂ ಹುಡುಗರು ಅವುಗಳ ಪಕ್ಕದಲ್ಲಿಯೇ ಹಾದು ಹೋಗುತ್ತಾರೆ. ಹುಡುಗರ ಈ ಜಾಣತನ ಅಧ್ಯಾಪಕರಿಗೆ ಅಪರಿಚಿತವಲ್ಲ.

ಸ್ಕ್ವಿಡ್‌ನ ನಿಯಮಗಳೆಲ್ಲ ಒಂದೇ ಕಡತದಲ್ಲಿರುತ್ತವೆ. ಮೊದಲು ಗುಂಪುಗಳಿಗೆ ಹೆಸರಿಡಬೇಕು: ಪ್ರಯೋಗಾಲಯದ ಯಂತ್ರಗಳು, ಅಧ್ಯಾಪಕರ ಯಂತ್ರಗಳು, ಶಾಲೆಯ ವೇಳೆ, ಹೀಗೆ. ಅನಂತರ ಯಾವ ಗುಂಪಿಗೆ ಪ್ರವೇಶವಿದೆ, ಯಾವುದಕ್ಕೆ ಇಲ್ಲ ಎಂದು ಒಂದೊಂದೇ ಸಾಲಿನಲ್ಲಿ ಬರೆಯಬೇಕು. ಯಂತ್ರ ಆ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಮೊದಲು ಹೊಂದಿಕೊಂಡ ಸಾಲೇ ಅಂತಿಮ ತೀರ್ಪು, ಮುಂದಿನವನ್ನು ನೋಡುವುದಿಲ್ಲ. ಎಲ್ಲರಿಗೂ ಪ್ರವೇಶವುಂಟು ಎಂಬ ಸಾಲನ್ನು ಮೇಲೆ ಬರೆದು ನಿಷೇಧಗಳನ್ನು ಕೆಳಗೆ ಬರೆದರೆ ಆ ನಿಷೇಧಗಳು ಇದ್ದೂ ಇಲ್ಲದಂತೆಯೇ. ಕೊನೆಯ ಸಾಲು, ಮೇಲೆ ಹೇಳದ ಎಲ್ಲರಿಗೂ ಪ್ರವೇಶವಿಲ್ಲ ಎಂದಿರಬೇಕು. ಪ್ರಾಕ್ಸಿಯ ಕಿವಿ, ಅಂದರೆ ವಾಡಿಕೆಯ 3128ನೆಯ ದ್ವಾರ, ಒಳಗಿನ ಬಾಗಿಲಿಗೆ ಮಾತ್ರ ತೆರೆದಿರಬೇಕು. ಹೊರಗಿನವರಿಗೂ ಅದು ತೆರೆದಿದ್ದರೆ ಎಲ್ಲಿಯ ಯಾರೋ ಶಾಲೆಯ ವಿಳಾಸವನ್ನು ಮುಂದಿಟ್ಟುಕೊಂಡು ತಮ್ಮ ಕೇಡಿನ ಕೆಲಸ ನಡೆಸುತ್ತಾರೆ. ಇದು ಕಲ್ಪನೆಯ ಭಯವಲ್ಲ. ನ್ಯೂಜಿಲೆಂಡಿನಲ್ಲಿ 1995ರಲ್ಲಿ ಹುಟ್ಟಿ ಜಗತ್ತಿನಾದ್ಯಂತ ಹರಡಿದ 'ವಿನ್‌ಗೇಟ್' ಎಂಬ ಹಂಚಿಕೆ ತಂತ್ರಾಂಶದ ಆರಂಭದ ಆವೃತ್ತಿಗಳು ಸ್ಥಾಪಿಸಿದ ಕೂಡಲೇ ಹೊರಗಿನವರಿಗೂ ಬಾಗಿಲು ತೆರೆದಿಟ್ಟಿರುತ್ತಿದ್ದುದರಿಂದ ಅದರ ದುರುಪಯೋಗ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಸ್ಕ್ವಿಡ್‌ನಲ್ಲಿಯೂ ಹಲವಾರು ದೌರ್ಬಲ್ಯಗಳಿರುವುದು 2023ರಲ್ಲಿ ಬಹಿರಂಗವಾಯಿತು. ಒಮ್ಮೆ ಕೂರಿಸಿ ಮರೆತುಬಿಡುವ ಪೆಟ್ಟಿಗೆ ಇದಲ್ಲವೆಂಬುದಕ್ಕೆ ಇಷ್ಟು ಸಾಕು.

ಹಂಚಿಕೆಯ ನ್ಯಾಯಕ್ಕೆ ಇದರಲ್ಲಿ ಒಂದು ಸೊಗಸಾದ ಏರ್ಪಾಡಿದೆ. ಪ್ರತಿಯೊಂದು ಯಂತ್ರಕ್ಕೂ ಒಂದೊಂದು ಕೊಡವಿದೆಯೆಂದು ಭಾವಿಸಿಕೊಳ್ಳಬಹುದು. ಕೊಡದಲ್ಲಿರುವಷ್ಟನ್ನು ಬೇಕಾದಷ್ಟು ವೇಗದಲ್ಲಿ ಸುರಿದುಕೊಳ್ಳಬಹುದು. ಬರಿದಾದ ಮೇಲೆ ಅದು ನಿಧಾನವಾಗಿ ತುಂಬಿದಂತೆ ಮಾತ್ರ ದೊರೆಯುತ್ತದೆ. ಪಾಠದ ಪುಟವನ್ನು ತೆರೆಯುವ ಹುಡುಗಿಗೆ ಕೊಡ ಬರಿದಾಗುವ ಮೊದಲೇ ಕೆಲಸ ಮುಗಿದಿರುತ್ತದೆ. ಚಲನಚಿತ್ರವನ್ನು ಇಳಿಸಿಕೊಳ್ಳಲು ಕುಳಿತವನು ತೊಟ್ಟು ತೊಟ್ಟಾಗಿ ಕಾಯಬೇಕಾಗುತ್ತದೆ. ಯಾರನ್ನೂ ಗದರಿಸದೆ, ಯಾವ ತಾಣವನ್ನೂ ಮುಚ್ಚದೆ ತಂತಿ ಎಲ್ಲರದಾಗಿ ಉಳಿಯುತ್ತದೆ. ಅಳತೆಯಲ್ಲಿ ಮಾತ್ರ ಎಚ್ಚರ ಬೇಕು: ದೂರವಾಣಿ ಸಂಸ್ಥೆಗಳು ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತವೆ, ಸ್ಕ್ವಿಡ್ ಬೈಟ್‌ಗಳಲ್ಲಿ ಕೇಳುತ್ತದೆ, ಎಂಟರಿಂದ ಭಾಗಿಸಲು ಮರೆತವರ ಕೊಡ ಬರಿದಾಗುವುದೇ ಇಲ್ಲ. ಅಂತೆಯೇ, ನಾಲ್ಕು ಮೆಗಾಬೈಟ್‌ಗಿಂತ ದೊಡ್ಡದಾದ ಕಡತದ ಪ್ರತಿಯನ್ನು ಸ್ಕ್ವಿಡ್ ತಾನಾಗಿ ಇಟ್ಟುಕೊಳ್ಳುವುದಿಲ್ಲ. ಪಠ್ಯಪುಸ್ತಕಗಳ ಕಡತಗಳು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡವು. ಆ ಒಂದು ಅಂಕಿಯನ್ನು ಹೆಚ್ಚಿಸದಿದ್ದರೆ ಪ್ರಾಕ್ಸಿ ಚಿಕ್ಕಪುಟ್ಟ ಚಿತ್ರಗಳನ್ನು ಕಾಪಾಡಿಕೊಂಡು ಪಠ್ಯಪುಸ್ತಕವನ್ನು ನಲವತ್ತು ಸಲ ತರಿಸುತ್ತದೆ. ಶಾಲೆಯ ಅಗತ್ಯವನ್ನು ಬಲ್ಲ ಅಧ್ಯಾಪಕನಿಗೆ ಹೊಳೆಯುವ ಈ ಸಂಗತಿ ಅಂಗಡಿಯವನಿಗೆ ಹೊಳೆಯಬೇಕೆಂದೇನೂ ಇಲ್ಲ. ಡೇಟಾಒನ್‌ನ ಕೆಲವು ಯೋಜನೆಗಳಲ್ಲಿ ರಾತ್ರಿ 2 ಗಂಟೆಯಿಂದ ಬೆಳಿಗ್ಗೆ 8ರವರೆಗಿನ ಬಳಕೆಗೆ ಲೆಕ್ಕವಿರಲಿಲ್ಲ. ಮರುದಿನದ ಪಾಠದ ಪುಟಗಳನ್ನು ಆ ಹೊತ್ತಿನಲ್ಲಿ ತರಿಸಿಡುವಂತೆ ಯಂತ್ರಕ್ಕೆ ಹೇಳಿಡುವುದು ಸುಲಭವಾಗಿತ್ತು; ಕೇಳಿದವರು ಮಾತ್ರ ವಿರಳ.

ಇಷ್ಟರಲ್ಲಿ ಕಾಲ ಬದಲಾಯಿತು. ಜಾಲತಾಣಗಳ ಬಹುಪಾಲು ಈಗ ಎಚ್‌ಟಿಟಿಪಿಎಸ್ ಎಂಬ ಮುದ್ರೆಯೊತ್ತಿದ ಲಕೋಟೆಯಲ್ಲಿಯೇ ವ್ಯವಹರಿಸುತ್ತವೆ. ಯಾವ ತಾಣಕ್ಕೆ ಹೋಗುತ್ತಿದೆಯೆಂಬ ಹೊರವಿಳಾಸ ಪ್ರಾಕ್ಸಿಗೆ ಕಾಣುತ್ತದೆ, ಒಳಗಿನ ಪುಟ ಕಾಣುವುದಿಲ್ಲ. ಕಾಣದ್ದರ ಪ್ರತಿಯನ್ನು ಇಟ್ಟುಕೊಳ್ಳುವಂತಿಲ್ಲ. ಹೀಗಾಗಿ ಮೇಲಿನ ಹೃದಯದ ಪುಟದ ಉಳಿತಾಯ ಇಂದು ಅಷ್ಟಾಗಿ ದಕ್ಕದು. ಪುನಃ ಪುನಃ ಬೇಕಾಗುವ ಪುಸ್ತಕಗಳನ್ನೂ ವಿಶ್ವಕೋಶವನ್ನೂ ಶಾಲೆಯದೇ ಯಂತ್ರದಲ್ಲಿ ತುಂಬಿಡುವುದು ಈಗಿನ ಜಾಣತನ. 'ಕಿವಿಕ್ಸ್' ಎಂಬ ಉಚಿತ ತಂತ್ರಾಂಶದಿಂದ ಕನ್ನಡ ವಿಕಿಪೀಡಿಯವನ್ನು ತಂತಿಯ ಹಂಗಿಲ್ಲದೆ ಪ್ರಯೋಗಾಲಯದಲ್ಲಿ ಓದಬಹುದು. ಆದರೆ ಮುದ್ರೆಯೊಡೆದು ಒಳಗನ್ನು ಓದುವ ಉಪಾಯವೂ ಒಂದಿದೆ. ಪ್ರಯೋಗಾಲಯದ ಯಂತ್ರಗಳಲ್ಲೆಲ್ಲ ಶಾಲೆಯದೊಂದು ನಕಲಿ ಮುದ್ರೆಯನ್ನು ನಂಬುವಂತೆ ಮಾಡಿ, ಪ್ರಾಕ್ಸಿಯು ಪ್ರತಿ ಲಕೋಟೆಯನ್ನೂ ಬಿಚ್ಚಿ, ಓದಿ, ಮತ್ತೆ ಅಂಟಿಸಿ ಕಳುಹಿಸುತ್ತದೆ. ಭದ್ರತೆಯ ಹೆಸರಿನಲ್ಲಿ ಇದನ್ನು ಮಾರುವವರಿದ್ದಾರೆ. ವಿದ್ಯಾರ್ಥಿಯ ಖಾಸಗಿ ಪತ್ರ, ಅಧ್ಯಾಪಕರ ಬ್ಯಾಂಕಿನ ಗುಪ್ತಪದ ಎಲ್ಲವೂ ಆ ಮೂಲೆಯ ಪೆಟ್ಟಿಗೆಯಲ್ಲಿ ಬಯಲಾಗುವ ಈ ಏರ್ಪಾಡನ್ನು ಶಾಲೆಗಳು ಖಂಡಿತವಾಗಿ ನಿರಾಕರಿಸಬೇಕು. ವಸತಿನಿಲಯದ ಮಕ್ಕಳಿಗೆ ಬಂದ ಕಾಗದವನ್ನು ಒಡೆದು ಓದುವುದನ್ನು ಒಪ್ಪದವರು ಇದನ್ನು ಒಪ್ಪಲು ಕಾರಣವಿಲ್ಲ.

ಹಾಗಾದರೆ ಮಕ್ಕಳ ಮುಂದೆ ಎಲ್ಲ ಕಸವನ್ನೂ ಹರಡಬೇಕೆ ಎಂದು ತಂದೆತಾಯಿಗಳು ಕೇಳುವುದು ಸಹಜ. ಅವರ ಆತಂಕ ನ್ಯಾಯವಾದದ್ದು, ಶಾಲೆಗೆ ಆ ಹೊಣೆ ಇದ್ದೇ ಇದೆ. ಅಶ್ಲೀಲ ತಾಣಗಳ ಪಟ್ಟಿಯನ್ನು ಇಟ್ಟುಕೊಂಡು ಹೊರವಿಳಾಸದಿಂದಲೇ ಅವನ್ನು ತಡೆಯುವುದು ಯುಕ್ತ. ಪದಗಳನ್ನು ಹಿಡಿದು ತಡೆಯುವ ಕುರುಡು ಕ್ರಮ ಮಾತ್ರ ಅನರ್ಥಕಾರಿ. ವಿಳಾಸದಲ್ಲಿ 'ಸೆಕ್ಸ್' ಎಂಬ ಅಕ್ಷರಗಳು ಬಂದರೆ ಬಾಗಿಲು ಮುಚ್ಚು ಎಂದು ಬರೆದ ಒಂದು ಸಾಲು ಇಂಗ್ಲೆಂಡಿನ ಎಸೆಕ್ಸ್, ಸಸೆಕ್ಸ್ ಎಂಬ ಸೀಮೆಗಳನ್ನೂ ಮುಚ್ಚುತ್ತದೆ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠಕ್ಕೆ ಬೇಕಾದ ಪುಟಗಳನ್ನೂ ಮುಚ್ಚುತ್ತದೆ. ಅಮೆರಿಕದಲ್ಲಿ ಅಂತರಜಾಲಕ್ಕಾಗಿ ಒಕ್ಕೂಟ ಸರ್ಕಾರದ ರಿಯಾಯಿತಿ ಪಡೆಯುವ ಶಾಲೆಗಳೂ ಗ್ರಂಥಾಲಯಗಳೂ ಇಂಥ ಜರಡಿಯನ್ನು ಅಳವಡಿಸಲೇಬೇಕೆಂದು 2000ದಲ್ಲಿ ಕಾಯಿದೆಯಾಯಿತು. ಗ್ರಂಥಾಲಯಗಳವರು ಅದನ್ನು ಪ್ರಶ್ನಿಸಿದಾಗ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ಎತ್ತಿಹಿಡಿಯಲು ಮುಖ್ಯ ಆಧಾರವಾದದ್ದು, ವಯಸ್ಕ ಓದುಗ ಕೇಳಿದ ಮಾತ್ರಕ್ಕೆ ಗ್ರಂಥಪಾಲಕ ಆ ತಡೆಯನ್ನು ತೆಗೆಯಬಹುದೆಂಬ ಭರವಸೆ. ಮುಚ್ಚುವ ಅಧಿಕಾರವಿದ್ದಲ್ಲಿ ತೆರೆಯುವ ವಿಧಾನವೂ ಇರಬೇಕೆಂಬ ಈ ವಿವೇಕ ಇಲ್ಲಿನ ಶಾಲೆಗಳಿಗೂ ಒಪ್ಪುವಂಥದು. ಅಧ್ಯಾಪಕರು ಬೆಳಿಗ್ಗೆ ಕೇಳಿದ ಪುಟ ಮಧ್ಯಾಹ್ನದ ಪಾಠದ ಹೊತ್ತಿಗೆ ತೆರೆದಿರಬೇಕಾದರೆ ಕೀಲಿ ಶಾಲೆಯೊಳಗೇ ಇರಬೇಕು, ಮೂವತ್ತು ಮೈಲಿ ದೂರದ ಅಂಗಡಿಯಲ್ಲಿ ಅಲ್ಲ.

ಇನ್ನು ದಿನಚರಿಯ ಮಾತು. ಯಾವ ಯಂತ್ರ ಯಾವ ಕ್ಷಣದಲ್ಲಿ ಯಾವ ತಾಣವನ್ನು ಕೇಳಿತು, ಎಷ್ಟು ಬೈಟ್ ತಂದಿತು ಎಂಬುದನ್ನೆಲ್ಲ ಪ್ರಾಕ್ಸಿ ಒಂದೊಂದು ಸಾಲಿನಲ್ಲಿ ಬರೆದಿಡುತ್ತದೆ. ಹೆಸರು ಹೇಳಿ ಪ್ರವೇಶಿಸುವ ಕ್ರಮವಿದ್ದರೆ ವಿದ್ಯಾರ್ಥಿಯ ಹೆಸರೂ ಆ ಸಾಲಿನಲ್ಲಿ ಸೇರುತ್ತದೆ. ತಂತಿಯನ್ನು ಯಾರು ಮುಕ್ಕುತ್ತಿದ್ದಾರೆಂದು ಅರಿಯಲು, ಕೇಡು ನಡೆದರೆ ಮೂಲ ಹುಡುಕಲು ಇದು ಬೇಕು. ಆದರೆ ಹದಿನಾಲ್ಕು ವರ್ಷದ ಹುಡುಗಿ ತನ್ನ ದೇಹದ ಬಗ್ಗೆ, ಮನೆಯ ಜಗಳದ ಬಗ್ಗೆ, ಕಾಯಿಲೆಯ ಬಗ್ಗೆ ಯಾರನ್ನೂ ಕೇಳಲಾರದೆ ಯಂತ್ರವನ್ನು ಕೇಳಿದುದರ ಜಾಡೂ ಅದೇ ಕಡತದಲ್ಲಿರುತ್ತದೆ. ಅದನ್ನು ಯಾರು ಬೇಕಾದರೂ ತೆರೆಯಬಹುದಾದ ಶಾಲೆಯಲ್ಲಿ ಆ ಹುಡುಗಿ ಮುಂದೆ ಏನನ್ನೂ ಕೇಳುವುದಿಲ್ಲ. 2011ರ ಸೈಬರ್ ಕೆಫೆ ನಿಯಮಗಳು ಬಳಕೆಯ ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಬೇಕೆಂದು ವಿಧಿಸಿದುವು. ಅವು ಸಾರ್ವಜನಿಕರಿಗೆ ವ್ಯಾಪಾರವಾಗಿ ಜಾಲ ಒದಗಿಸುವ ಅಂಗಡಿಗಳನ್ನು ಕುರಿತವು. ಆ ಅವಧಿಯನ್ನು ಯೋಚಿಸದೆ ಶಾಲೆಗೆ ನಕಲು ಮಾಡಬೇಕಾಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಹದಿನೆಂಟು ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸಿ ಅವರ ನಡವಳಿಕೆಯ ಬೆನ್ನು ಹತ್ತುವುದನ್ನು ನಿಷೇಧಿಸಿದೆ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಶೈಕ್ಷಣಿಕ ಚಟುವಟಿಕೆಗೂ ಮಕ್ಕಳ ಸುರಕ್ಷತೆಗೂ ಬೇಕಾದಷ್ಟರ ಮಟ್ಟಿಗೆ ಶಾಲೆಗಳಿಗೆ ವಿನಾಯಿತಿ ಕೊಟ್ಟಿವೆ. 'ಬೇಕಾದಷ್ಟು' ಎಂದರೆ ಎಷ್ಟು ಎಂಬುದನ್ನು ಶಾಲೆಯೇ ಕುಳಿತು ಯೋಚಿಸಿ ಬರೆದಿಡದಿದ್ದರೆ, ತಂತ್ರಾಂಶ ತಾನಾಗಿ ಇಡುವಷ್ಟೇ 'ಬೇಕಾದಷ್ಟು' ಆಗಿಬಿಡುತ್ತದೆ.

ಇದೆಲ್ಲ ಹಳೆಯ ಮಾತು, ತಾಮ್ರದ ತಂತಿಯ ಕಾಲ ಮುಗಿಯಿತು, ಅನೇಕ ಊರುಗಳಿಗೆ ಗಾಜಿನ ಎಳೆಯೇ ಬಂದಿದೆ ಎನ್ನುವವರುಂಟು. ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು ಸರ್ಕಾರವೇ 2013ರಲ್ಲಿ 512 ಕಿಲೋಬಿಟ್‌ಗೂ 2023ರಲ್ಲಿ 2 ಮೆಗಾಬಿಟ್‌ಗೂ ಏರಿಸಿದೆ. ಅಗ್ಗದ ರೌಟರ್ ಒಂದೇ ಹತ್ತಾರು ಯಂತ್ರಗಳಿಗೆ ಜಾಲ ಹಂಚಿಬಿಡುತ್ತದೆಂಬುದೂ ನಿಜ. ಹತ್ತು ಯಂತ್ರಗಳ ಕಚೇರಿಗೆ ಪ್ರಾಕ್ಸಿಯ ಉಸಾಬರಿ ಬೇಡವೆಂದೇ ಹೇಳಬೇಕು. ಆದರೆ ಕಾಲುವೆ ಅಗಲವಾದಂತೆ ಬೆಳೆಯೂ ಬದಲಾಗಿದೆ. ಅಂದು ಪುಟ ತೆರೆಯುತ್ತಿದ್ದ ನಲವತ್ತು ಯಂತ್ರಗಳು ಇಂದು ನಲವತ್ತು ಚಲಿಸುವ ಚಿತ್ರಗಳನ್ನು ಕೇಳುತ್ತವೆ. ಜೊತೆಗೆ ಸಿಬ್ಬಂದಿಯ ಜೇಬಿನ ದೂರವಾಣಿಗಳೂ ಅದೇ ತಂತಿಗೆ ಬಾಯಿ ಹಾಕಿವೆ. ರೌಟರ್ ಯಾರದು ಪಾಠ, ಯಾರದು ಮನರಂಜನೆ ಎಂದು ಕೇಳದೆ ಮೊದಲು ಬಂದವನಿಗೆ ಬಡಿಸುತ್ತದೆ. ಕೊನೆಯ ಗದ್ದೆಯ ಸಮಸ್ಯೆ ಹಾಗೆಯೇ ಉಳಿದಿದೆ.

ಆದುದರಿಂದ ಆಡಳಿತ ಮಂಡಳಿಗಳೂ ದಾನಿಗಳೂ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಮೂವತ್ತು ಯಂತ್ರಗಳನ್ನು ಕೊಡಬಯಸುವವರು ಇಪ್ಪತ್ತೆಂಟನ್ನು ಕೊಟ್ಟು, ಉಳಿದ ಎರಡರ ಹಣದಲ್ಲಿ ಶಾಲೆಯ ಒಬ್ಬರು ಅಧ್ಯಾಪಕರಿಗೆ ತರಬೇತಿಯನ್ನೂ ಅವರ ಪಾಠದ ಹೊರೆಯಲ್ಲಿ ವಾರಕ್ಕೆ ಎರಡು ಅವಧಿಗಳ ಬಿಡುವನ್ನೂ ಕೊಡಿಸಿದರೆ ದಾನ ಬಹುಕಾಲ ಬಾಳುತ್ತದೆ. ನೀರುಗಂಟಿಗೆ ಧಾನ್ಯ ಅಳೆಯದೆ ಕೆರೆಗೆ ಮಾತ್ರ ಕಲ್ಲು ಕಟ್ಟಿಸಿದ ಊರುಗಳ ಕಥೆ ಎಲ್ಲರಿಗೂ ಗೊತ್ತಿದೆ. ಪ್ರಾಕ್ಸಿಯ ನಿಯಮಗಳನ್ನು ಅಧ್ಯಾಪಕರ ಸಭೆಯಲ್ಲಿ ಓದಿ, ಕನ್ನಡದಲ್ಲಿ ಒಂದು ಪುಟಕ್ಕೆ ಮೀರದಂತೆ ಬರೆದು ಪ್ರಯೋಗಾಲಯದ ಗೋಡೆಗೆ ತೂಗುಹಾಕಬೇಕು: ಯಾರಿಗೆ ಎಷ್ಟು ಪಾಲು, ಏನು ಮುಚ್ಚಿದೆ, ತೆರೆಸಲು ಯಾರನ್ನು ಕೇಳಬೇಕು, ದಿನಚರಿ ಎಷ್ಟು ದಿನ ಉಳಿಯುತ್ತದೆ, ಅದನ್ನು ನೋಡುವ ಅಧಿಕಾರ ಯಾವ ಇಬ್ಬರಿಗಿದೆ. ಇಬ್ಬರೂ ಕೂಡಿದಾಗ ಮಾತ್ರ ನೋಡತಕ್ಕದ್ದು. ಮೋಡೆಮಿನ ಮತ್ತು ಪ್ರಾಕ್ಸಿಯ ಗುಪ್ತಪದಗಳನ್ನು ಬರೆದ ಲಕೋಟೆ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ, ಹಾಜರಿ ಪುಸ್ತಕದ ಜೊತೆಗೆ ಇರಲಿ. ಅಧ್ಯಾಪಕರು ವರ್ಗವಾಗಿ ಹೋದಾಗ ಪ್ರಭಾರ ವಹಿಸುವ ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಇರಲಿ.